ಮಿನಿ ಟ್ರ್ಯಾಕ್ಟರಿಗೆ ನೆರಳಿನ ಟಾಪ್: ಎರೆ ಹೊಲಕ್ಕೆ ಹಾಕಿಸಿ, ದಾಳಿಂಬೆ ತೋಟಕ್ಕೆ ಬೇಡ

ಬಿಸಿಲು 40 ಡಿಗ್ರಿ ದಾಟಿದ ಮೇಲೆ ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆ ತಲೆಗೆ ಟವೆಲ್ ಸುತ್ತಿಕೊಂಡು ಟ್ರ್ಯಾಕ್ಟರ್ ಓಡಿಸುವುದು ಜೀವ ಹಿಂಡುವ ಕೆಲಸ. ಟಾಪ್ ಬೇಕಾ ಅಂತ ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ 18ರಿಂದ 28 ಎಚ್‌ಪಿ ಗಾಡಿಗೆ ಟಾಪ್ ಹಾಕಿಸುವಾಗ 45 ಎಚ್‌ಪಿ ಗಾಡಿಯ ಲೆಕ್ಕ ನಡೆಯುವುದಿಲ್ಲ. ದೊಡ್ಡ ಗಾಡಿ ಹೆಚ್ಚುಕಡಿಮೆ ಎರಡು ಟನ್ ತೂಗುತ್ತದೆ, ಮಿನಿ ಗಾಡಿ ಮುಕ್ಕಾಲು ಟನ್ನಿನಿಂದ ಒಂದು ಟನ್. ಅಗಲ ಮೂರು, ಮೂರೂವರೆ ಅಡಿ. ಅಂಥ ಗಾಡಿಯ ನೆತ್ತಿಯ ಮೇಲೆ 35 ಕೆ.ಜಿ. ಕೂರಿಸುವ ಮೊದಲು ನಾಲ್ಕು ಮಾತು ತಿಳಿದಿರಬೇಕು.

ಹತ್ತಿ, ತೊಗರಿ, ಮೆಣಸಿನಕಾಯಿ ಬೆಳೆಯುವ ಬಯಲು ಎರೆ ಹೊಲಕ್ಕೆ ಟಾಪ್ ಖಂಡಿತ ಹಾಕಿಸಿ. ಫೈಬರಿನದೇ ಇರಲಿ, ಅದರ ಕಾಲು ಹಿಂದಿನ ಎಕ್ಸೆಲ್ ಹೌಸಿಂಗ್ (ಹಿಂದಿನ ಗಾಲಿಯ ಎಕ್ಸೆಲ್ ಕೂತಿರುವ ಗಟ್ಟಿ ಕವಚ) ಮೇಲೆ ನಿಲ್ಲಲಿ. ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ತೋಟದಲ್ಲೇ ಗಾಡಿಯ ಮುಕ್ಕಾಲು ಪಾಲು ಕೆಲಸ ಇದ್ದರೆ ಖಾಯಂ ಟಾಪ್ ಬೇಡವೇ ಬೇಡ. ಗಂಗಾವತಿ, ಕಾರಟಗಿಯ ಗದ್ದೆಯವರು ಕೆಳಗಿನದನ್ನು ಪೂರ್ತಿ ಓದಿ ನಿರ್ಧರಿಸಲಿ.

ಸಿಗುವುದು ಮೂರು ಬಗೆ. ಮೊದಲನೆಯದು ಫೈಬರ್ ಟಾಪ್. 4 ಅಡಿ ಅಗಲ, ನಾಲ್ಕೂವರೆ ಅಡಿ ಉದ್ದ, 3 ಮಿ.ಮೀ. ದಪ್ಪದ ಫೈಬರ್ ಹಲಗೆ ಏಳೆಂಟು ಕೆ.ಜಿ. ತೂಗುತ್ತದೆ. ಕಾಲು, ಫ್ರೇಮು, ಕ್ಲ್ಯಾಂಪು ಸೇರಿದರೆ ಸುಮಾರು 30 ಕೆ.ಜಿ. ಬೆಳಕು ಹಾಯದ, ಮೇಲೆ ಬಿಳಿ ಅಥವಾ ತಿಳಿ ಬಣ್ಣದ್ದನ್ನೇ ಆರಿಸಿ. ಬೆಳಕು ಹಾಯುವ ಹಸಿರು ಫೈಬರ್ ನೋಡಲು ಚಂದ, ಆದರೆ ಅರ್ಧ ಬಿಸಿಲು ಒಳಗೇ ಬರುತ್ತದೆ. ಫೈಬರ್ ಮೊದಲು ಸೀಳುವುದು ಬೋಲ್ಟಿನ ತೂತಿನ ಸುತ್ತ. 8 ಮಿ.ಮೀ. ಬೋಲ್ಟಿಗೆ 10 ಮಿ.ಮೀ. ತೂತು ಹೊಡೆದು, ಮೇಲೆ ಕೆಳಗೆ ರಬ್ಬರ್ ವಾಷರ್, ಅದರ ಮೇಲೆ ಅಗಲದ ಕಬ್ಬಿಣದ ವಾಷರ್ ಹಾಕಿದರೆ ನಡುಕ ರಬ್ಬರಿನಲ್ಲೇ ಇಂಗುತ್ತದೆ. ತೂತು ಬಿಗಿಯಾಗಿದ್ದರೆ ಅಲ್ಲಿಂದಲೇ ನಕ್ಷತ್ರದಂತೆ ಬಿರುಕು ಹರಡುತ್ತದೆ.

ಎರಡನೆಯದು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವ ತಗಡಿನ ಟಾಪ್. ಇದೇ ಅಳತೆಗೆ 20 ಗೇಜ್ ತಗಡು 12 ಕೆ.ಜಿ., 18 ಗೇಜ್ ಆದರೆ 16 ಕೆ.ಜಿ. ಬರುತ್ತದೆ (ಗೇಜ್ ನಂಬರ್ ಇಳಿದಷ್ಟೂ ತಗಡು ದಪ್ಪ). ಗಟ್ಟಿ ಇರಲಿ ಎಂದು 16 ಗೇಜ್ ಹೇಳುವವರಿದ್ದಾರೆ, ಮಿನಿ ಗಾಡಿಗೆ ಅದು ಬೇಡದ ಭಾರ. ತಗಡು ರಿಪೇರಿಗೆ ಸುಲಭ, ಟೊಂಗೆ ಬಡಿದರೆ ನೆಗ್ಗುತ್ತದೆ ಅಷ್ಟೇ. ಕಾವಿನದೇ ತೊಂದರೆ. ಕಡು ಬಣ್ಣ ಬಳಿದ ತಗಡು ಮಧ್ಯಾಹ್ನಕ್ಕೆ 60 ಡಿಗ್ರಿ ದಾಟಿ ಕೆಳಗಿನವನ ನೆತ್ತಿಗೆ ಝಳ ಹೊಡೆಯುತ್ತದೆ. ಮೇಲೆ ಬಿಳಿ ಬಣ್ಣ, ಒಳಗೆ ಅರ್ಧ ಇಂಚಿನ ಫೋಮ್ ಶೀಟ್ ಅಂಟಿಸದೆ ತಗಡಿನ ಟಾಪ್ ತೆಗೆದುಕೊಳ್ಳಬೇಡಿ.

ಮೂರನೆಯದು ಮಡಚುವ ಫ್ರೇಮಿಗೆ ತಾಡಪತ್ರಿ ಅಥವಾ ಶೇಡ್ ನೆಟ್ ಬಿಗಿದದ್ದು. 20ರಿಂದ 25 ಕೆ.ಜಿ. ಒಳಗೆ ಮುಗಿಯುತ್ತದೆ. ತಾಡಪತ್ರಿಯಲ್ಲಿ ಮಳೆ ನೀರು ಹೊಂಡ ಕಟ್ಟುತ್ತದೆ, ಆಷಾಢದ ಗಾಳಿಗೆ ಪಟಪಟ ಬಡಿದು ಹೊಲಿಗೆ ಬಿಚ್ಚುತ್ತದೆ. 75 ಪರ್ಸೆಂಟ್ ಶೇಡ್ ನೆಟ್ ಎರಡು ಪದರ ಹಾಕಿದರೆ ಗಾಳಿ ಹಾಯುತ್ತದೆ, ಬಿಸಿ ಗಾಳಿ ಮೇಲೆ ಹೋಗುತ್ತದೆ, ಹರಿದರೆ ಬದಲಿಸುವುದೂ ಸುಲಭ. ಮಳೆಗೆ ಮಾತ್ರ ಉಪಯೋಗವಿಲ್ಲ. ಮಡ್‌ಗಾರ್ಡಿಗೆ ಕ್ಲ್ಯಾಂಪ್ ಹಾಕುವ ಒಂಟಿ ಕಂಬದ ಛತ್ರಿಯೂ ಸಿಗುತ್ತದೆ. ನಮ್ಮ ಕಡೆಯ ಗಾಳಿಗೆ ಅದು ಒಂದು ಹಂಗಾಮೂ ಬಾಳುವುದಿಲ್ಲ.

ನೆರಳಿನ ಲೆಕ್ಕವನ್ನು ಅಂಗಡಿಯವರು ಹೇಳುವುದಿಲ್ಲ. ಮೇ ಮೊದಲ ವಾರ ರಾಯಚೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು 12 ಗಂಟೆಗಲ್ಲ, 12:20ರ ಹತ್ತಿರ. ಅದಕ್ಕೆ ಎರಡು ತಾಸು ಹಿಂದೆ ಮುಂದೆ, ಅಂದರೆ 10:20ರಿಂದ 2:20ರವರೆಗೆ, ಬಿಸಿಲು ನೆಲಕ್ಕೆ 60 ಡಿಗ್ರಿಗಿಂತ ಹೆಚ್ಚಿನ ಕೋನದಲ್ಲಿ ಮೇಲಿನಿಂದ ಬೀಳುತ್ತದೆ. ಸೀಟಿನಿಂದ ಟಾಪಿಗೆ ಮೂರೂವರೆ ಅಡಿ ಎತ್ತರ, ಟಾಪು 4 ಅಡಿ ಅಗಲ ಇದ್ದರೆ ಈ ಹೊತ್ತಿನಲ್ಲಿ ತಲೆ, ಎರಡೂ ಭುಜ ನೆರಳಲ್ಲೇ ಇರುತ್ತವೆ. 9:20ಕ್ಕೂ 3:20ಕ್ಕೂ ಸೂರ್ಯ 45 ಡಿಗ್ರಿಗೆ ಇರುತ್ತಾನೆ. ಆಗ ಭುಜದ ಮಟ್ಟದಲ್ಲಿ ನೆರಳು ಸುಮಾರು 19 ಇಂಚು ಪಕ್ಕಕ್ಕೆ ಸರಿದು ಒಂದು ಭುಜ, ಒಂದು ತೊಡೆ ಬಿಸಿಲಿಗೆ ಬೀಳುತ್ತವೆ. ಟಾಪನ್ನು 5 ಅಡಿ ಅಗಲ ಮಾಡಿಸುವುದು ಇದಕ್ಕೆ ಮದ್ದಲ್ಲ, ಭಾರವೂ ಗಾಳಿಯ ಹಿಡಿತವೂ ಹೆಚ್ಚುತ್ತವೆ. ಎರಡೂ ಪಕ್ಕಕ್ಕೆ ಒಂದು ಅಡಿ ಶೇಡ್ ನೆಟ್ ಇಳಿಬಿಟ್ಟು ಕೆಳಗಿನ ಅಂಚಿಗೆ ತೆಳು ಸರಳು ಹೊಲಿಸಿ. ಬೇಡವಾದಾಗ ಸುತ್ತಿ ಮೇಲೆ ಕಟ್ಟಬಹುದು. ಹಿಂದಿನ ಭಾಗ ಮುಚ್ಚಬೇಡಿ. ರೇಡಿಯೇಟರ್ ಫ್ಯಾನಿನ ಬಿಸಿ ಗಾಳಿ ಬೋನೆಟ್ ದಾಟಿ ಡ್ರೈವರ್ ಕಡೆಗೇ ಬರುತ್ತದೆ, ಹಿಂದೆ ಮುಚ್ಚಿದ್ದರೆ ಅದು ಅಲ್ಲೇ ನಿಲ್ಲುತ್ತದೆ.

ಟಾಪು ಬಾಳುವುದೂ ಮುರಿಯುವುದೂ ಕಾಲಿನಲ್ಲಿ. ಊರಿನ ಅಂಗಡಿಗಳಲ್ಲಿ ಸುಲಭವೆಂದು ಮಡ್‌ಗಾರ್ಡಿಗೆ ತೂತು ಹೊಡೆದು ಕಾಲು ನಿಲ್ಲಿಸುತ್ತಾರೆ. ಮಿನಿ ಗಾಡಿಯ ಮಡ್‌ಗಾರ್ಡ್ ತೆಳು ತಗಡು, ಕೆಲವದರಲ್ಲಿ ಪ್ಲಾಸ್ಟಿಕ್. ಹೆಂಟೆಯ ಮೇಲೆ ರೋಟವೇಟರ್ ಓಡಿಸುವಾಗ ಟಾಪು ಮುಂದೆ ಹಿಂದೆ ತೂಗಿ ಆ ತೂತಿನ ಬಾಯಿ ಸೀಳುತ್ತದೆ. ಕಾಲು ನಿಲ್ಲಬೇಕಾದ್ದು ಎಕ್ಸೆಲ್ ಹೌಸಿಂಗ್ ಮೇಲೆ: 8 ಮಿ.ಮೀ. ದಪ್ಪದ ಪ್ಲೇಟು, ಅದನ್ನು ಹೌಸಿಂಗಿಗೆ ಅಪ್ಪಿಸುವ ಎರಡೆರಡು ಯು ಬೋಲ್ಟು, ನಡುವೆ ಹಳೆ ಟೈರಿನ ರಬ್ಬರ್, ನಡುಕಕ್ಕೆ ಸಡಿಲವಾಗದ ನೈಲಾಕ್ ನಟ್ಟು. ಹೌಸಿಂಗಿಗೆ ತೂತು ಹೊಡೆಯಬಾರದು, ವೆಲ್ಡಿಂಗನ್ನಂತೂ ಮುಟ್ಟಿಸಲೇಬಾರದು. ಸೀಲು ಸುಡುತ್ತದೆ, ವಾರಂಟಿಗೂ ತಕರಾರು ಬರುತ್ತದೆ. ಕಾಲಿಗೆ 40×40 ಮಿ.ಮೀ. ಚೌಕ ಪೈಪು, ಎರಡೂವರೆ ಮಿ.ಮೀ. ದಪ್ಪ. ಮೇಲಿನ ಫ್ರೇಮಿಗೆ 25×25 ಸಾಕು.

ಮಿನಿ ಗಾಡಿಯಲ್ಲಿ ಹತ್ತಿ ಇಳಿಯುವ ಜಾಗ ಇಕ್ಕಟ್ಟು, ಮುಂದಿನ ಕಾಲು ಅಡ್ಡ ಬರುತ್ತದೆ. ಹಾಗಾಗಿ ಎರಡೇ ಕಾಲಿನ ಟಾಪ್ ಒಳ್ಳೆಯದು. ಆದರೆ ಟಾಪಿನ ಭಾರವೆಲ್ಲ ಕಾಲಿಗಿಂತ ಮುಂದೆ ತೂಗುವುದರಿಂದ ಬುಡದ ವೆಲ್ಡಿಂಗಿನ ಹಿಂಬದಿಗೆ ಎಳೆತ ಬೀಳುತ್ತದೆ. ಮೊದಲು ಬಣ್ಣದಲ್ಲಿ ಕೂದಲೆಳೆಯಂಥ ಗೆರೆ ಕಾಣುತ್ತದೆ, ಅದರಿಂದ ತುಕ್ಕಿನ ಕಂದು ನೀರು ಇಳಿದಿರುತ್ತದೆ. ಅದು ಕಂಡ ದಿನವೇ ಟಾಪ್ ಇಳಿಸಿ. ಇದು ಬಾರದಂತೆ ಬುಡಕ್ಕೂ, ಮೇಲಿನ ಮೂಲೆಗೂ 4 ಇಂಚಿನ ತ್ರಿಕೋನ ಪ್ಲೇಟ್ ಹಾಕಿಸಿ.

ಇನ್ನು ಪಲ್ಟಿಯ ಮಾತು. ಟಾಪ್ ಇದ್ದರೆ ಗಾಡಿ ಮಗುಚಿದಾಗ ಜೀವ ಉಳಿಯುತ್ತದೆ ಎಂದು ನಂಬಿದವರು ಬಹಳ. ಖಂಡಿತ ಉಳಿಸುವುದಿಲ್ಲ. ಜೀವ ಉಳಿಸುವುದು ಕಂಪನಿಯ ರೋಲ್ ಬಾರ್ (ಗಾಡಿ ಮಗುಚಿದರೆ ಭಾರ ತಡೆಯುವ ಗಟ್ಟಿ ಉಕ್ಕಿನ ಕಮಾನು) ಮತ್ತು ಸೀಟ್ ಬೆಲ್ಟ್, ಎರಡೂ ಸೇರಿ. ಟಾಪಿನ ಪೈಪು ಗಾಡಿಯ ಭಾರಕ್ಕೆ ಮಡಚಿ ಡ್ರೈವರ್ ಮೇಲೇ ಬೀಳುತ್ತದೆ. ಗಾಡಿಗೆ ರೋಲ್ ಬಾರ್ ಇದ್ದರೆ ಟಾಪನ್ನು ಅದಕ್ಕೇ ಕ್ಲ್ಯಾಂಪಿನಿಂದ ಕಟ್ಟಿಸಿ. ರೋಲ್ ಬಾರಿಗೆ ತೂತು ಹೊಡೆದರೆ, ವೆಲ್ಡಿಂಗ್ ಮಾಡಿದರೆ ಅದರ ಬಲ ಹೋಯಿತು. 800 ಕೆ.ಜಿ. ಗಾಡಿಗೆ ನೆಲದಿಂದ 2 ಮೀಟರ್ ಎತ್ತರದಲ್ಲಿ 35 ಕೆ.ಜಿ. ಕೂರಿಸಿದರೆ ಭಾರದ ಕೇಂದ್ರ ಹತ್ತಿರಹತ್ತಿರ 5 ಸೆಂ.ಮೀ. ಮೇಲೇರುತ್ತದೆ. ಒಂದು ಮೀಟರ್ ಅಗಲದ ಗಾಡಿ ಮಗುಚುವ ವಾಲು ಎರಡು ಡಿಗ್ರಿ ಕಡಿಮೆಯಾಗುತ್ತದೆ. ಬಯಲಲ್ಲಿ ಇದು ಗೊತ್ತಾಗುವುದಿಲ್ಲ. ಉಪಕಾಲುವೆಯ ಏರಿ, ಬದು ಹತ್ತಿಸುವಾಗ ಆ ಎರಡು ಡಿಗ್ರಿಯೇ ದೊಡ್ಡದು. ಗದ್ದೆಯವರಿಗೆ ನಮ್ಮ ಹಿಂಜರಿಕೆ ಇದಕ್ಕೇ. ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಪಟ್ಟಿಯ ಗಾಲಿ) ಹಾಕಿ ಕೆಸರು ಮಾಡುವಾಗ ಒಂದು ಗಾಲಿ ಹೂತರೆ ಗಾಡಿ ಥಟ್ಟನೆ ವಾಲುತ್ತದೆ. ಆ ಕೆಲಸಕ್ಕೆ ಟಾಪ್ ಬಿಚ್ಚಿಡುವುದೇ ಸರಿ. ಬಿಚ್ಚಲು ಬರುವಂತೆ ಕಾಲನ್ನು ಒಂದರೊಳಗೊಂದು ಕೂರುವ ಪೈಪಿನಲ್ಲಿ ಮಾಡಿಸಿ, ಅಡ್ಡ ಪಿನ್ನು, ಅದು ಜಾರದಂತೆ ಆರ್ ಕ್ಲಿಪ್ ಹಾಕಿದರೆ ಇಬ್ಬರು ಎತ್ತಿ ಇಳಿಸಬಹುದು.

ದಾಳಿಂಬೆಗೆ ಬೇಡ ಅನ್ನುವುದು ಬೇರೆ ಕಾರಣಕ್ಕೆ. ಸಾಲಿನ ನಡುವೆ 12ರಿಂದ 15 ಅಡಿ ಬಿಟ್ಟಿದ್ದರೂ ಕಾಯಿ ಭಾರಕ್ಕೆ ಟೊಂಗೆ ಬಾಗಿ ಹಾದಿಗೆ ಬರುತ್ತದೆ. ಟಾಪಿನ ಮೂಲೆ ಅದನ್ನು ಗೀರುತ್ತದೆ, ಮುಳ್ಳು ಪಕ್ಕದ ಕಾಯಿಗೆ ಚುಚ್ಚುತ್ತದೆ. ದಾಳಿಂಬೆಯ ದುಂಡಾಣು ಅಂಗಮಾರಿ ರೋಗಕ್ಕೆ ಗಾಯವೇ ಬಾಗಿಲು. ರೋಗ ಇರುವ ಗಿಡ ಉಜ್ಜಿಕೊಂಡು ಬಂದ ಟಾಪು ಅದನ್ನು ಸಾಲಿನುದ್ದಕ್ಕೂ ಹೊತ್ತೊಯ್ಯಬಲ್ಲದು. ಬ್ಲೋವರ್ ಸ್ಪ್ರೇಯರ್ ಹೊಡೆಯುವಾಗ ಟಾಪು ಔಷಧದ ಮಂಜನ್ನು ತಡೆಯುವುದಿಲ್ಲ, ಬಟ್ಟೆಯ ಟಾಪು ಅದನ್ನು ಹೀರಿ ದಿನವಿಡೀ ತಲೆಯ ಮೇಲೆ ಇಟ್ಟುಕೊಂಡಿರುತ್ತದೆ. ಇಲ್ಲಿ ಅಗಲ ಅಂಚಿನ ಟೋಪಿ, ಮಾಸ್ಕು, ಬೆಳಗಿನ ಹೊತ್ತಿನ ಕೆಲಸವೇ ಮೇಲು.

ಮಾಡಿಸುವಾಗ ಗುತ್ತಿಗೆ ರೇಟು ಕೇಳಬೇಡಿ. ಪೈಪು, ತಗಡಿನ ತೂಕ, ಕೆ.ಜಿ. ರೇಟು, ಕೂಲಿ ಬೇರೆ ಬೇರೆ ಬರೆಸಿ. ಆಗ ತೆಳು ಪೈಪು ಹಾಕಿದ್ದಾರೋ ಇಲ್ಲವೋ ತಕ್ಕಡಿಯೇ ಹೇಳುತ್ತದೆ. ಟಾಪಿನ ಪೈಪಿಗೆ ಗಾಡಿಯ ಮೇಲೇ ವೆಲ್ಡಿಂಗ್ ಮಾಡುವುದು ಅನಿವಾರ್ಯವಾದರೆ ಮೊದಲು ಬ್ಯಾಟರಿಯ ಮೈನಸ್ ವೈರ್ ಬಿಚ್ಚಿಸಿ, ಅರ್ಥ್ ಕ್ಲ್ಯಾಂಪನ್ನು ವೆಲ್ಡಿಂಗ್ ಪಕ್ಕದಲ್ಲೇ ಹಿಡಿಸಿ. ಇಲ್ಲವಾದರೆ ಕರೆಂಟು ಬೇರಿಂಗ್, ಆಲ್ಟರ್ನೇಟರ್ ಹಾದು ಹೋಗುತ್ತದೆ.

ಕೂರಿಸಿದ ಮೇಲೆ ಅಂಗಡಿ ಬಿಡುವ ಮೊದಲು ರೋಟವೇಟರ್ ಸಿಕ್ಕಿಸಿ ಪೂರ್ತಿ ಮೇಲೆತ್ತಿ ನೋಡಿ. ಮಿನಿ ಗಾಡಿಯಲ್ಲಿ ರೋಟವೇಟರ್ ಎತ್ತುವ ಲಿಂಕು ಗಿಡ್ಡ, ರೋಟವೇಟರಿನ ಮುಚ್ಚಳ ಟಾಪಿನ ಕಾಲಿಗೆ ತಾಗುವುದು ಆಗಲೇ ಗೊತ್ತಾಗುತ್ತದೆ. ಸೈಲೆನ್ಸರ್ ಮೇಲ್ಮುಖವಾಗಿದ್ದರೆ ಟಾಪಿನ ಮುಂದಿನ ಅಂಚು ಅದರಿಂದ ಒಂದು ಅಡಿ ಹಿಂದಿರಲಿ. ಹಿಂದಕ್ಕೆ ಒಂದು, ಒಂದೂವರೆ ಇಂಚು ಇಳಿಜಾರು ಇದ್ದರೆ ಮಳೆ ನೀರು ಸ್ಟೇರಿಂಗ್ ಮೇಲೆ ಸುರಿಯುವುದಿಲ್ಲ. ನಂಬರ್ ಪ್ಲೇಟು, ಇಂಡಿಕೇಟರ್ ಮುಚ್ಚಬಾರದು. ಮೊದಲ ಹತ್ತು ತಾಸು ಓಡಿಸಿದ ಮೇಲೆ ಯು ಬೋಲ್ಟು ಮತ್ತೆ ಬಿಗಿಯಿರಿ, ರಬ್ಬರ್ ಕುಗ್ಗಿ ಸಡಿಲವಾಗಿರುತ್ತದೆ. ಗಾಡಿ ಈಗ ಸುಮಾರು 7 ಅಡಿ ಎತ್ತರ. ಶೆಡ್ಡಿನ ಷಟರ್ ಅಳೆಯಿರಿ, ಬೋರ್‌ವೆಲ್ ಹತ್ತಿರ ಜೋತುಬಿದ್ದ ಕರೆಂಟ್ ತಂತಿ ಇದ್ದರೆ ಲೈನ್‌ಮನ್‌ಗೆ ಹೇಳಿ ಎತ್ತಿಸುವವರೆಗೆ ಆ ದಾರಿಗೆ ಗಾಡಿ ಒಯ್ಯಬೇಡಿ.