ಜಪಾನಿನ ನಿಕ್ಕೋದಲ್ಲಿ ಎಲ್ಲಿ ಉಳಿಯಬೇಕು?

ತೋಶೋಗು ದೇಗುಲವೇ ಮುಖ್ಯವಾದರೆ ಶಿಂಕ್ಯೋ ಎಂಬ ಕೆಂಪು ಸೇತುವೆಯ ಆಸುಪಾಸಿನಲ್ಲೇ ರೂಮು ಹಿಡಿಯಿರಿ. ರೈಲು ನಿಲ್ದಾಣದ ಬಳಿಯ ಹೋಟೆಲುಗಳು ಲಗೇಜಿಗೆ ಅನುಕೂಲ, ಆದರೆ ಅಲ್ಲಿಂದ ಸೇತುವೆಗೆ ಹೆಚ್ಚುಕಮ್ಮಿ 2 ಕಿ.ಮೀ. ಏರುದಾರಿ. ದೇಗುಲ ತೆರೆಯುವುದು ಬೆಳಿಗ್ಗೆ 9ಕ್ಕೆ; ಹತ್ತಿರವಿದ್ದರೆ ಟೋಕಿಯೋದ ಗುಂಪುಗಳು ಬಂದಿಳಿಯುವ ಮೊದಲೇ ಒಳಗಿರಬಹುದು.

ಚೂಜೆಂಜಿ ಸರೋವರದ ದಡ 1,200 ಮೀಟರಿಗೂ ಎತ್ತರ, ಬೇಸಿಗೆಯಲ್ಲೂ ತಂಪು. ಆದರೆ ಅಕ್ಟೋಬರಿನಲ್ಲಿ ಎಲೆ ಕೆಂಪಾಗುವಾಗ ಅಲ್ಲಿಗೆ ಹತ್ತುವ ಇರೋಹಾಜಾಕ ಘಟ್ಟದ ರಸ್ತೆಯ 48 ತಿರುವುಗಳಲ್ಲಿ ಬಸ್ಸು ಸಿಕ್ಕಿಕೊಳ್ಳುತ್ತದೆ. ಆಗ ವಾರಾಂತ್ಯದಲ್ಲಂತೂ ಅಲ್ಲಿ ಉಳಿಯುವುದು ಬೇಡವೇ ಬೇಡ.

ಸಂಜೆಯಾದರೆ ಊಟದಂಗಡಿಗಳು ಬೇಗ ಮುಚ್ಚುತ್ತವೆ, ರಾತ್ರಿಯೂಟ ಸೇರಿದ ಸಾಂಪ್ರದಾಯಿಕ ಜಪಾನಿ ವಸತಿಗೃಹ, ಅಂದರೆ ರ್‍ಯೋಕಾನ್ ಒಳ್ಳೆಯದು. ಸಸ್ಯಾಹಾರಿಗಳು 'ಮಾಂಸ ಬೇಡ' ಅಂದರೆ ಸಾಲದು. ಊರಿನ ಹೆಸರಾಂತ ಯೂಬಾ, ಅಂದರೆ ಸೋಯಾ ಹಾಲಿನ ಕೆನೆಯನ್ನೂ ದಾಶಿ ಎಂಬ ಒಣಮೀನಿನ ಸಾರಿನಲ್ಲಿ ಬೇಯಿಸಿರಬಹುದು. ಬುಕ್ ಮಾಡುವಾಗಲೇ 'ಮೀನಿನ ಸಾರೂ ಬೇಡ' ಎಂದು ಬರೆದು, ಒಪ್ಪಿಗೆ ಬಂದ ಮೇಲೆ ದುಡ್ಡು ಕಟ್ಟಿ.