ಶಿನಾನೋ ನದಿಯ ಅಕ್ಕಿ, ಗಂಗಾವತಿಯ ಒಲೆ

ಗಂಗಾವತಿಯವರಿಗೆ ಹೊರಗಿನ ಅಕ್ಕಿ ತಂದುಕೊಡುವುದೆಂದರೆ ಕೊಲ್ಲಾಪುರದವರಿಗೆ ಬೆಲ್ಲ ಉಡುಗೊರೆ ಕೊಟ್ಟ ಹಾಗೆ. ಆದರೂ ಟೋಕಿಯೋದಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ ಏಪ್ರಿಲ್ ರಜೆಗೆ ಊರಿಗೆ ಬಂದಾಗ 2 ಕೆಜಿಯ ಒಂದು ಚೀಲವನ್ನು ನನ್ನ ಮುಂದಿಟ್ಟು, "ಮಾಮ, ಇದಕ್ಕೊಂದು ಬೆಲೆ ಕಟ್ಟಿ ನೋಡೋಣ" ಎಂದ. ಮೂವತ್ತು ವರ್ಷ ರೈಸ್ ಮಿಲ್ಲಿನಲ್ಲಿ ಕೂತು ದಿನಕ್ಕೆ ಹತ್ತಾರು ಸ್ಯಾಂಪಲ್‌ಗಳನ್ನು ಅಂಗೈಯಲ್ಲಿ ಹರಡಿ ನೋಡಿದವನಿಗೆ ಅದು ಸವಾಲಿನಂತೆಯೇ ಕೇಳಿಸಿತು. ನಾನು ಕೆಜಿಗೆ 80 ರೂಪಾಯಿ ಎಂದೆ. ಅವನು ಅಲ್ಲಿ ಕೊಟ್ಟು ತಂದದ್ದು ನಮ್ಮ ಲೆಕ್ಕದಲ್ಲಿ ಕೆಜಿಗೆ 600ರ ಹತ್ತಿರ!

ಚೀಲದ ಮೇಲೆ ಇರುವುದೆಲ್ಲ ಜಪಾನಿ ಅಕ್ಷರಗಳೇ ಆದ್ದರಿಂದ ಹುಡುಗನೇ ಓದಿ ಹೇಳಬೇಕಾಯಿತು. ತಳಿ ಕೊಶಿಹಿಕಾರಿ, ಬೆಳೆದದ್ದು ನೀಗಾಟಾ ಪ್ರಾಂತದ ಉವೊನುಮಾ ಸೀಮೆಯಲ್ಲಿ. ಜೊತೆಗೆ ಬೆಳೆಯ ವರ್ಷ, ಭತ್ತವನ್ನು ಅಕ್ಕಿ ಮಾಡಿಸಿದ ದಿನಾಂಕ. ಈ ಕೊನೆಯದನ್ನು ಅವರು ಏಕೆ ಅಷ್ಟು ಮುತುವರ್ಜಿಯಿಂದ ಮುದ್ರಿಸುತ್ತಾರೆಂದು ಕೇಳಿದಾಗ ಸಿಕ್ಕ ಉತ್ತರ ನಮ್ಮ ವ್ಯಾಪಾರವನ್ನು ತಲೆಕೆಳಗು ಮಾಡುವಂಥದ್ದು. ನಮ್ಮ ಪೇಟೆಯಲ್ಲಿ ವರ್ಷ ಹಳತಾದ ಸೋನಾ ಮಸೂರಿಗೆ ಬೆಲೆ ಜಾಸ್ತಿ, ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆಂದು ಗಿರಾಕಿ ಮೂಗು ಮುರಿಯುತ್ತಾನೆ. ಅಲ್ಲಿಯವರು ಹೊಸ ಅಕ್ಕಿಗಾಗಿಯೇ ಕಾದು ಕೂತು ಹೆಚ್ಚು ಹಣ ಕೊಡುತ್ತಾರಂತೆ. ಕಾಳು ಗಿಡ್ಡ, ದುಂಡು, ಮಣಿಯಂತೆ ಹೊಳಪು. ಒಂದು ಹಿಡಿ ಹರಡಿ ಎಣಿಸಿದರೆ ನುಚ್ಚು ಮೂರೇ ಮೂರು. ಮಿಲ್ಲಿನವನಾಗಿ ಇದಕ್ಕೆ ಪೂರ್ತಿ ಅಂಕ ಕೊಡಲೇಬೇಕು.

ಭತ್ತ ಕೊಳ್ಳುವ ಮುಂಚೆ ನಾನು ಕೇಳುವುದು ಅದು ಯಾವ ನೀರಿನದು ಎಂದು. ಈ ಅಕ್ಕಿಯ ನೀರು ಶಿನಾನೋ ನದಿಯದು ಮತ್ತು ಅದನ್ನು ಸೇರುವ ಉವೊನೋ ಹೊಳೆಯದು. ಶಿನಾನೋ 367 ಕಿ.ಮೀ. ಹರಿಯುತ್ತದೆ, ಜಪಾನಿನಲ್ಲಿ ಅದಕ್ಕಿಂತ ಉದ್ದದ ನದಿ ಇಲ್ಲ. 2,475 ಮೀಟರ್ ಎತ್ತರದ ಕೊಬುಶಿ ಬೆಟ್ಟದ ಬಳಿ ಹುಟ್ಟಿ, ನಾಗಾನೋ ಪ್ರಾಂತದುದ್ದಕ್ಕೂ ಚಿಕುಮಾ ಎಂಬ ಹೆಸರಿನಿಂದ ಹರಿದು, ನೀಗಾಟಾದ ಗಡಿ ದಾಟಿದ ಮೇಲಷ್ಟೇ ಅದು ಶಿನಾನೋ ಆಗುತ್ತದೆ. ಶಿನಾನೋ ಎಂಬುದು ನಾಗಾನೋ ಸೀಮೆಯ ಹಳೆಯ ಹೆಸರು, ಅಂದರೆ ಕೆಳಗಿನವರು ಹೊಳೆಗೆ ಅದು ಹರಿದು ಬಂದ ಮೇಲಿನ ಸೀಮೆಯ ಹೆಸರನ್ನೇ ಇಟ್ಟುಕೊಂಡರು. ಚಳಿಗಾಲದಲ್ಲಿ ಜಪಾನ್ ಸಮುದ್ರದ ಕಡೆಯಿಂದ ಬೀಸುವ ಗಾಳಿ ಉವೊನುಮಾ ಕಣಿವೆಯಲ್ಲಿ ಆಳೆತ್ತರ ಮೀರಿ ಹಿಮ ಸುರಿಸುತ್ತದೆ. ನಾಟಿಯ ಹೊತ್ತಿಗೆ ಅದೇ ಹಿಮ ಕರಗಿ ಗದ್ದೆಗೆ ಇಳಿಯುತ್ತದೆ. ಕಾಳು ಕಟ್ಟುವ ದಿನಗಳಲ್ಲಿ ಕಣಿವೆಯಲ್ಲಿ ಹಗಲು ಬಿಸಿ, ಇರುಳು ತಂಪು. ರುಚಿಯೆಲ್ಲ ಆ ಅಂತರದಿಂದಲೇ ಬರುತ್ತದೆಂಬುದು ಅಲ್ಲಿಯವರ ಮಾತು. ಮಲೆನಾಡಿನ ಮಳೆ ನಂಬಿ, ಜುಲೈನಲ್ಲಿ ಮುನಿರಾಬಾದಿನ ಡ್ಯಾಮಿನ ಮಟ್ಟವನ್ನು ದಿನಾ ಪೇಪರಿನಲ್ಲಿ ನೋಡುವ ನಮಗೆ ಇದು ಬೇರೆಯದೇ ಲೆಕ್ಕ.

ಚೀಲ ಹೇಳುವುದು ಕಣಿವೆಯ ಕತೆ ಮಾತ್ರ. ನದಿ ಕೆಳಗಿಳಿದು ಸೇರುವ ನೀಗಾಟಾ ಬಯಲು ಈಗ ಜಪಾನಿನ ದೊಡ್ಡ ಭತ್ತದ ಕಣಜವಾದರೂ, ಹಿಂದೆ ಅದು ಜೌಗು. ರೈತರು ಸೊಂಟದ ಮಟ್ಟದ ಕೆಸರಿನಲ್ಲಿ ನಿಂತು ಕೊಯ್ದು, ಸಿವುಡುಗಳನ್ನು ಸಣ್ಣ ದೋಣಿಯಲ್ಲಿ ಸಾಗಿಸುತ್ತಿದ್ದರು. 1896ರಲ್ಲಿ ಯೊಕೊತಾ ಎಂಬಲ್ಲಿ ಏರಿ ಒಡೆದು ಬಯಲೆಲ್ಲ ಮುಳುಗಿದ ಮೇಲೆ, ನೆರೆಯ ನೀರು ಬಯಲಿಗೆ ಬರುವ ಮುಂಚೆಯೇ ಅದನ್ನು ಗುಡ್ಡ ಕಡಿದು ಸೀದಾ ಸಮುದ್ರಕ್ಕೆ ತಿರುಗಿಸುವ ಕೆಲಸಕ್ಕೆ ಒತ್ತಾಯ ಹೆಚ್ಚಿತು. 1909ರಲ್ಲಿ ಶುರುವಾಗಿ 1922ರಲ್ಲಿ ನೀರು ಹರಿದ ಈ ಓಕೋಜು ಕಾಲುವೆಯ ಉದ್ದ ಸುಮಾರು 10 ಕಿ.ಮೀ. ಮಾತ್ರ, ಆದರೆ ಇಡೀ ಬಯಲನ್ನು ಗದ್ದೆ ಮಾಡಿದ ಕೆಲಸಗಳಲ್ಲಿ ಅದಕ್ಕೇ ಮೊದಲ ಸ್ಥಾನ. ಐದೇ ವರ್ಷಕ್ಕೆ, 1927ರಲ್ಲಿ, ಅದರ ಗೇಟುಗಳ ಕಟ್ಟೆಯ ಬುಡ ಕೊರೆದು ಕುಸಿಯಿತು. ಪನಾಮಾ ಕಾಲುವೆಯಲ್ಲಿ ದುಡಿದು ಬಂದಿದ್ದ ಎಂಜಿನಿಯರ್ ಅಕಿರಾ ಅಓಯಾಮಾ ಅವರ ನೇತೃತ್ವದಲ್ಲಿ 1931ರ ಹೊತ್ತಿಗೆ ಹೊಸದು ಎದ್ದಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಗೇಟುಗಳ ಪೈಕಿ 19ನೆಯದು ಚೈನು ಕಡಿದು ಕೊಚ್ಚಿಹೋದ ಸುದ್ದಿ ಕೇಳಿ ನಿದ್ದೆಗೆಟ್ಟ ನಮ್ಮವರಿಗೆ ಈ 1927ರ ವಿಷಯವನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಸಂಗತಿ ಕೇಳಿ ನನಗೆ ನಗು ಬಂತು. ಇದೇ ನದಿಯ ನೀರಿನಿಂದ ತಯಾರಾದ ವಿದ್ಯುತ್ ಟೋಕಿಯೋದ ಲೋಕಲ್ ರೈಲುಗಳನ್ನು ಓಡಿಸುತ್ತದೆ. ಅದನ್ನು ನಡೆಸುವ ಜೆಆರ್ ಈಸ್ಟ್ ರೈಲ್ವೆ ಕಂಪನಿ ತನ್ನ ಪಾಲಿಗಿಂತ ಹೆಚ್ಚು ನೀರು ಎಳೆದು ಲೆಕ್ಕ ಮರೆಮಾಚಿದ್ದು ಬಯಲಾದಾಗ, 2009ರಲ್ಲಿ ಸರ್ಕಾರ ಅದರ ನೀರಿನ ಹಕ್ಕನ್ನೇ ರದ್ದು ಮಾಡಿತು. ಮರುವರ್ಷ ಹೊಸ ಷರತ್ತುಗಳೊಡನೆ ಹಕ್ಕು ಮರಳಿತು. ಎಡದಂಡೆ ಕಾಲುವೆಗೆ ಮೇಲ್ಭಾಗದಲ್ಲಿ ಪಂಪ್‌ಸೆಟ್ ಇಳಿಬಿಟ್ಟವರ ಮೇಲೆ ಮಾನ್ವಿ, ಸಿರವಾರದ ಟೇಲ್‌ಎಂಡ್ ರೈತರು ಪ್ರತಿವರ್ಷ ಹೇಳುವ ದೂರು ನೆನಪಾಯಿತು.

ಇನ್ನು ಒಲೆಯ ಮಾತು. ಅಕ್ಕಿಯನ್ನು ತಿಳಿನೀರು ಬರುವ ತನಕ ತೊಳೆದು, ಅರ್ಧ ಗಂಟೆ ನೆನೆಸಿ, ಒಂದು ಲೋಟಕ್ಕೆ ಒಂದು ಲೋಟ ಮತ್ತು ಇನ್ನೊಂದು ಗುಟುಕು ನೀರಿಟ್ಟು, ಬೆಂದ ಮೇಲೆ ಹತ್ತು ನಿಮಿಷ ಮುಚ್ಚಳ ತೆಗೆಯದೆ ಬಿಟ್ಟೆವು. ಗಂಜಿ ಬಸಿಯುವ ಮಾತೇ ಇಲ್ಲ. ಮುಚ್ಚಳ ತೆಗೆದಾಗ ಎಳೆ ಜೋಳದ ತೆನೆಯಂಥ ಸಿಹಿ ವಾಸನೆ. ಅಗುಳುಗಳು ಒಂದಕ್ಕೊಂದು ಅಂಟಿದ್ದರೂ ಒಂದೊಂದೂ ಇಡಿಯಾಗಿತ್ತು. ಮೊದಲ ದಿನ ತಿಳಿಸಾರಿಗೆ ಕಲಸಿದ ಅಮ್ಮ ಎರಡು ತುತ್ತಿಗೇ ತಟ್ಟೆ ಸರಿಸಿ, "ಇದು ಅನ್ನ ಅಲ್ಲಪ್ಪ, ಮುದ್ದಿ" ಎಂದರು. ಸಾರು ಅಗುಳಿನೊಳಗೆ ಇಳಿಯುವುದೇ ಇಲ್ಲ, ಸುತ್ತ ನಿಲ್ಲುತ್ತದೆ. ಚಿತ್ರಾನ್ನವಂತೂ ಉಂಡೆಯಾಯಿತು. ಆದರೆ ಪುಂಡಿಪಲ್ಯದ ಜೊತೆ ಚೆನ್ನಾಗಿ ಹೊಂದಿತು, ಮೊಸರನ್ನಕ್ಕಂತೂ ಇದಕ್ಕೆ ಸಾಟಿಯಿಲ್ಲ. ಬೆಳಿಗ್ಗೆ ಕಲಸಿಟ್ಟದ್ದು ಸಂಜೆಗೂ ಮೆತ್ತಗೇ ಇತ್ತು, ನಮ್ಮ ಸೋನಾ ಅಷ್ಟು ಹೊತ್ತಿಗೆ ಬಿರುಸಾಗಿರುತ್ತದೆ.

ದೋಷವೆಂದರೆ ಪ್ಯಾಕಿಂಗ್. ಚೀಲಕ್ಕೆ ಗಾಳಿಯಾಡಲೆಂದು ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳನ್ನು ಮಾಡಿರುತ್ತಾರೆ. ಜಪಾನಿನ ಹವೆಗೆ ಅದು ಸರಿ ಇರಬಹುದು. ನಾನು ಅದನ್ನು ಅರಿಯದೆ ಉಳಿದ ಅಕ್ಕಿಯನ್ನು ಚೀಲದಲ್ಲೇ ಕಟ್ಟಿ ಅಡುಗೆಮನೆಯ ಮೂಲೆಗಿಟ್ಟೆ. ಮೇ ಕೊನೆಗೆ ಬಿಚ್ಚಿದರೆ ಒಳಗೆ ನುಸಿ. ಕೆಜಿಗೆ 600 ರೂಪಾಯಿಯ ಅಕ್ಕಿಯನ್ನು ಮೊರದಲ್ಲಿ ಹಾಕಿ ಕೇರುವಾಗ ಮನೆಯವರು ನನ್ನ ಮುಖ ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

ದಿನದ ಊಟಕ್ಕೆ ಇದನ್ನು ಕೊಳ್ಳಿರೆಂದು ನಮ್ಮ ಕಡೆಯ ಯಾರಿಗೂ ಹೇಳಲಾರೆ. 80 ರೂಪಾಯಿ ಎಂದ ನನ್ನ ಬೆಲೆಯನ್ನು ಮಾತ್ರ ತಿದ್ದಿಕೊಂಡು, ಮೊಸರನ್ನದ ಮಟ್ಟಿಗೆ 200ಕ್ಕೆ ಏರಿಸಿದ್ದೇನೆ. ಹುಡುಗ ಇನ್ನೂ ಚೌಕಾಸಿ ಮಾಡುತ್ತಿದ್ದಾನೆ. ಮುಂದಿನ ಸಲ ಬರುವಾಗ ಒಂದೇ ಕೆಜಿ ತರಲು, ಅದೂ ಹೊಸ ಬೆಳೆ ಬಂದ ಮೇಲೆ ನವೆಂಬರಿನಲ್ಲಿ ತರಲು ಹೇಳಿ, ಬಿಗಿ ಮುಚ್ಚಳದ ಒಂದು ಸ್ಟೀಲ್ ಡಬ್ಬಿಯನ್ನು ಈಗಲೇ ತೊಳೆದು ಒಣಗಿಸಿಟ್ಟಿದ್ದೇನೆ.