ನಿಕಾನ್ ಝಡ್ 50ಎಂಎಂ: ಶಾರ್ಪ್ 1.8 ಎಸ್ ಬೇಕಾ, ಕ್ಯಾರೆಕ್ಟರ್ ಇರುವ 1.4 ಬೇಕಾ?

ಎರಡೂ ನಿಕಾನ್ ಝಡ್ ಮೌಂಟಿನ, ಅಂದರೆ ನಿಕಾನ್‌ನ ಝಡ್ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಕೂರುವ, 50ಎಂಎಂ ಲೆನ್ಸ್‌ಗಳು. ಎಫ್/1.8 ಎಸ್‌ನ ತೂಕ 415 ಗ್ರಾಂ, ಎಫ್/1.4ರದು 420. ಎರಡಕ್ಕೂ 62ಎಂಎಂ ಫಿಲ್ಟರ್, ಉದ್ದವೂ ಹೆಚ್ಚುಕಡಿಮೆ ಒಂದೇ. ಬೆಲೆಯ ಲೆಕ್ಕ ಮಾತ್ರ ತಲೆಕೆಳಗು: ಹೆಚ್ಚು ಬೆಳಕು ಬಿಡುವ ಎಫ್/1.4 ಅಗ್ಗ, ಎಫ್/1.8 ಎಸ್ ತುಟ್ಟಿ. ಅಮೆರಿಕದ ಬಿಡುಗಡೆ ಬೆಲೆ 2018ರ 1.8 ಎಸ್‌ಗೆ ಸುಮಾರು 600 ಡಾಲರ್, 2024ರ 1.4ಕ್ಕೆ ಸುಮಾರು 500.

ಕಾರಣ ಒಳಗಿನ ಗಾಜಿನಲ್ಲಿದೆ. 1.8 ಎಸ್‌ನಲ್ಲಿ 9 ಗುಂಪುಗಳಲ್ಲಿ 12 ಗಾಜುಗಳು. ಅವುಗಳಲ್ಲಿ 2 ಇಡಿ (ಬಣ್ಣದ ದೋಷ ತಗ್ಗಿಸುವ ಗಾಜು), 2 ಆಸ್ಫೆರಿಕಲ್ (ಗೋಳದ ಆಕಾರ ಬಿಟ್ಟು ತಿದ್ದಿದ ಗಾಜು), ಮೇಲೆ ಒಳಗಿನ ಪ್ರತಿಫಲನ ತಡೆಯುವ ನ್ಯಾನೊ ಕ್ರಿಸ್ಟಲ್ ಕೋಟಿಂಗ್. 1.4ರಲ್ಲಿ 7 ಗುಂಪುಗಳಲ್ಲಿ 10 ಗಾಜುಗಳು, ಆಸ್ಫೆರಿಕಲ್ ಒಂದೇ. 1.8 ಎಸ್‌ಗೆ ಕೊಡುವ ಹೆಚ್ಚಿನ ದುಡ್ಡು ಹೋಗುವುದು ದೋಷ ತಿದ್ದುವುದಕ್ಕೆ. ತಿದ್ದದೆ ಉಳಿದ ದೋಷವನ್ನೇ ನಾವು ಕ್ಯಾರೆಕ್ಟರ್ ಅಂತ ಮೆಚ್ಚಿಕೊಳ್ಳುವುದು. ಆದ್ದರಿಂದ ಯಾವ ದೋಷ, ಯಾವ ಅಪರ್ಚರ್‌ನಲ್ಲಿ (ಲೆನ್ಸ್ ತೆರೆದುಕೊಳ್ಳುವ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಎಷ್ಟರ ಮಟ್ಟಿಗೆ ಅಂತ ನೋಡಿ ಕೊಳ್ಳಬೇಕು. ‘ಫೀಲ್ ಚೆನ್ನಾಗಿದೆ’ ಅನ್ನುವ ಮಾತು ನಂಬಿ ದುಡ್ಡು ಹಾಕಬೇಡಿ.

1.8 ಎಸ್ ಅನ್ನು ಪೂರ್ತಿ ತೆರೆದು ಹೊಡೆದರೂ ಮಧ್ಯದಿಂದ ಮೂಲೆಯವರೆಗೆ ವಿವರ ನಿಲ್ಲುತ್ತದೆ. ಮದುವೆ ಫೋಟೊ ತೆಗೆಯುವವರಿಗೆ ಇದರ ಬೆಲೆ ಗೊತ್ತು. ಕಪ್ಪು ಜಡೆಯ ಮೇಲೆ ಮಲ್ಲಿಗೆ ದಂಡೆ, ಗಾಢ ಬಣ್ಣದ ರೇಷ್ಮೆಯ ಮೇಲೆ ಹೊಳೆಯುವ ಜರಿ: ಇಂಥ ಕಡೆ ಹಳೆಯ ವೇಗದ 50ಎಂಎಂಗಳು ಫೋಕಸ್‌ಗಿಂತ ಮುಂದಿರುವ ಅಂಚಿಗೆ ನೇರಳೆ, ಹಿಂದಿರುವ ಅಂಚಿಗೆ ಹಸಿರು ಬಳಿಯುತ್ತವೆ. 1.8 ಎಸ್‌ನಲ್ಲಿ ಆ ಬಣ್ಣ ಬಹಳ ಕಡಿಮೆ. 1.4ರಲ್ಲಿ ಕಣ್ಣಿಗೆ ಬೀಳುತ್ತದೆ. ಫೋಟೊ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ನ ಡಿಫ್ರಿಂಜ್ ಸೌಲಭ್ಯ ಅದನ್ನು ತೆಗೆಯುತ್ತದೆ ನಿಜ, ಆದರೆ ಸೀರೆಯ ಅಂಚೇ ಹಸಿರಾಗಿದ್ದರೆ ಆ ಹಸಿರನ್ನೂ ಒಂದಿಷ್ಟು ತಿಂದುಹಾಕುತ್ತದೆ. ಅಂಥ ಫ್ರೇಮ್‌ಗಳಲ್ಲಿ ಬ್ರಷ್ ಹಿಡಿದು ಬೇಕಾದ ಜಾಗಕ್ಕಷ್ಟೇ ಹಾಕಬೇಕು. ನೂರಾರು ಫೋಟೊಗಳ ಆಲ್ಬಂನಲ್ಲಿ ಇದು ಸಣ್ಣ ಕೆಲಸವಲ್ಲ.

ಇದೇ ಶಾರ್ಪ್ನೆಸ್ ಮುಖದ ಮೇಲೆ ಬಿದ್ದಾಗ ಕಥೆ ಬೇರೆ. 45 ಮೆಗಾಪಿಕ್ಸೆಲ್ ಕ್ಯಾಮೆರಾ ಬಾಡಿಯಲ್ಲಿ ಚರ್ಮದ ರಂಧ್ರ, ಮೇಕಪ್ ಪೌಡರ್ ನಿಂತ ಗೆರೆ, ಕಾಡಿಗೆ ಹರಡಿದ ಜಾಗ ಎಲ್ಲವನ್ನೂ ಬರೆದಿಡುತ್ತದೆ. ಕ್ಲೋಸಪ್‌ಗೆ ರೀಟಚಿಂಗ್ ಬೇಕೇ ಬೇಕು.

ಈಗ 1.4. ಸ್ಫೆರಿಕಲ್ ಅಬರೇಶನ್ ಅನ್ನು ಪೂರ್ತಿ ತಿದ್ದದೆ ಬಿಟ್ಟ ಲೆನ್ಸ್‌ನಲ್ಲಿ ಗಾಜಿನ ಅಂಚಿನಿಂದ ಬರುವ ಕಿರಣಗಳು ಮಧ್ಯದ ಕಿರಣಗಳಿಗಿಂತ ಸ್ವಲ್ಪ ಮುಂಚೆ ಕೂಡುತ್ತವೆ. ಇದರಿಂದ ಫೋಕಸ್ ಆದ ರೆಪ್ಪೆಯ ಸುತ್ತ ತೆಳುವಾದ ಹೊಳಪಿನ ಪೊರೆ ಕಾಣುತ್ತದೆ. ವಿವರ ಇರುತ್ತದೆ, ಕಾಂಟ್ರಾಸ್ಟ್ ಇಳಿದಿರುತ್ತದೆ. ಹಿನ್ನೆಲೆಯ ದೀಪಗಳು ಗಟ್ಟಿ ಅಂಚಿಲ್ಲದ ಬಿಲ್ಲೆಗಳಾಗುತ್ತವೆ, ಒಂದರೊಳಗೊಂದು ಕರಗುತ್ತವೆ. ಆದರೆ ಹಿನ್ನೆಲೆಯಲ್ಲಿ ಮೃದುವಾದ ಮಸುಕು ಮುನ್ನೆಲೆಯಲ್ಲಿ ಒರಟಾಗುತ್ತದೆ. ಹೂವಿನ ಅಲಂಕಾರದ ಸಂದಿಯಿಂದ ವಧುವನ್ನು ಹಿಡಿಯುವ ಶಾಟ್‌ನಲ್ಲಿ ಮುಂದಿನ ಹೂಗಳ ಮಸುಕಿಗೆ ಎರಡೆರಡು ಗೆರೆ ಬರಬಹುದು. ಬೊಕೆ (ಫೋಕಸ್ ಆಗದ ಭಾಗದ ಮಸುಕು) ಚೆನ್ನಾಗಿದೆ ಅನ್ನುವವರು ಸಾಮಾನ್ಯವಾಗಿ ಹಿಂದಿನದನ್ನು ಮಾತ್ರ ನೋಡಿರುತ್ತಾರೆ. ನೀವು ಎರಡನ್ನೂ ನೋಡಿ.

ಎಫ್/2ಕ್ಕೆ ಬಂದರೆ ಆ ಪೊರೆ ಬಹುಪಾಲು ಹೋಗುತ್ತದೆ. ಎಫ್/2.8ರಲ್ಲಿ ಫ್ರೇಮ್‌ನ ಮಧ್ಯಭಾಗದಲ್ಲಿ ಎರಡು ಲೆನ್ಸ್‌ಗಳನ್ನು ಬೇರ್ಪಡಿಸುವುದೇ ಕಷ್ಟ, ಎಫ್/5.6ರಲ್ಲಿ ಮೂಲೆಯಲ್ಲೂ ಅಷ್ಟೇ. ಅಂದರೆ 1.4ರ ಕ್ಯಾರೆಕ್ಟರ್ ಇರುವುದು ಮೊದಲ ಒಂದೆರಡು ಸ್ಟಾಪ್‌ಗಳಲ್ಲಿ (ಬೆಳಕು ಅರ್ಧರ್ಧಕ್ಕೆ ಇಳಿಯುವ ಹಂತಗಳು) ಮಾತ್ರ. ನಿಮ್ಮ ಹಳೆಯ ಫೈಲ್‌ಗಳನ್ನು ಲೈಟ್‌ರೂಮ್‌ನಲ್ಲಿ ಅಪರ್ಚರ್ ಪ್ರಕಾರ ಫಿಲ್ಟರ್ ಮಾಡಿ ನೋಡಿ. ಹೆಚ್ಚಿನವು ಎಫ್/4ರಿಂದ ಆಚೆಗಿದ್ದರೆ ಈ ಚರ್ಚೆಯೇ ನಿಮಗೆ ಬೇಡ, 1.8 ಎಸ್ ತಗೊಳ್ಳಿ.

ಬೆಳಕಿನ ಲಾಭವನ್ನು ಹಿಗ್ಗಿಸಿ ಹೇಳುವುದು ಬೇಡ. ಎಫ್/1.8ರಿಂದ ಎಫ್/1.4ಕ್ಕೆ ಸ್ಟಾಪ್‌ನ ಮೂರನೇ ಎರಡು ಭಾಗ, ಅಂದರೆ ಐಎಸ್‌ಒ (ಸೆನ್ಸರ್‌ನ ಬೆಳಕಿನ ಸೂಕ್ಷ್ಮತೆ) 3200 ಇದ್ದದ್ದು 2000ಕ್ಕೆ ಇಳಿಯುತ್ತದೆ. ಇವತ್ತಿನ ಫುಲ್ ಫ್ರೇಮ್ ಬಾಡಿಯಲ್ಲಿ ಅದು ಅಷ್ಟಾಗಿ ಕಾಣದು. ಫೋಕಸ್‌ನ ಆಳ ಒಂದೂವರೆ ಮೀಟರ್ ದೂರದಲ್ಲಿ ಎಫ್/1.4ಕ್ಕೆ ಸುಮಾರು 7 ಸೆಂಟಿಮೀಟರ್, ಎಫ್/1.8ಕ್ಕೆ 9. ಮೂರು ಮೀಟರ್‌ನಲ್ಲಿ ಸುಮಾರು 30 ಮತ್ತು 38. ಹತ್ತಿರದಿಂದ ವಧೂವರರಿಬ್ಬರ ಮುಖ ಹಿಡಿಯುವಾಗ ಒಬ್ಬರು ಕೊಂಚ ಹಿಂದೆ ನಿಂತರೂ ಎರಡರಲ್ಲೂ ಕೆಡುತ್ತದೆ. ಎಫ್/4ಕ್ಕೆ ಹೋಗುವುದೇ ಸರಿ. ಒಂದು ಸಮಾಧಾನ: ನಿಕಾನ್ ಝಡ್ ಬಾಡಿಗಳು ಎಫ್/5.6ರವರೆಗೆ ನೀವು ಇಟ್ಟ ಅಪರ್ಚರ್‌ನಲ್ಲೇ ಫೋಕಸ್ ಮಾಡುತ್ತವೆ. ಹಾಗಾಗಿ ಅಪರ್ಚರ್ ಇಳಿಸಿದಾಗ ಫೋಕಸ್ ಹಿಂದಕ್ಕೆ ಜರುಗುವ ಹಳೆಯ ಡಿಎಸ್‌ಎಲ್‌ಆರ್ ಕಾಟ ಇಲ್ಲಿಲ್ಲ.

ಕೊಳ್ಳುವ ಮುನ್ನ ಅಂಗಡಿಯಲ್ಲೋ ಬಾಡಿಗೆಗೆ ತಂದೋ ಪರೀಕ್ಷೆ ಮಾಡಿ. ಟ್ರೈಪಾಡ್, ವಿಆರ್ (ಅಲುಗಾಟ ತಡೆಯುವ ವ್ಯವಸ್ಥೆ) ಆಫ್, 2 ಸೆಕೆಂಡ್ ಟೈಮರ್, ಐಎಸ್‌ಒ 100, ರಾ ಫೈಲ್, ವಿನ್ಯೆಟ್ ಕಂಟ್ರೋಲ್ (ಮೂಲೆಯ ಕಪ್ಪನ್ನು ತಿದ್ದುವ ಸೆಟ್ಟಿಂಗ್) ಆಫ್. ಗೋಡೆಗೆ ನ್ಯೂಸ್‌ಪೇಪರ್ ಅಂಟಿಸಿ ಮಧ್ಯಕ್ಕೆ ಫೋಕಸ್ ಮಾಡಿ ಒಂದು ಫೋಟೊ, ಆಮೇಲೆ ನಾಲ್ಕೂ ಮೂಲೆಗೆ ಬೇರೆ ಬೇರೆ ಫೋಕಸ್ ಮಾಡಿ ನಾಲ್ಕು. ಮೂಲೆಗೇ ಫೋಕಸ್ ಮಾಡಿದಾಗ ಅಕ್ಷರ ಸ್ಪಷ್ಟವಾದರೆ ಅಲ್ಲಿರುವುದು ಫೀಲ್ಡ್ ಕರ್ವೇಚರ್ (ಫೋಕಸ್ ಆಗುವ ಸಮತಲವೇ ಬಾಗಿರುವುದು), ಮುಖ ತೆಗೆಯುವವರಿಗೆ ಅದರಿಂದ ತೊಂದರೆಯಿಲ್ಲ. ಆಗಲೂ ಮಸುಕಾಗಿದ್ದರೆ ಅದು ಲೆನ್ಸ್‌ನ ನಿಜವಾದ ಮಿತಿ. ಒಂದು ಪಕ್ಕ ಮಾತ್ರ ಮಸುಕಾದರೆ ಲೆನ್ಸ್ ಡಿಸೆಂಟರ್ ಆಗಿದೆ (ಒಳಗಿನ ಗಾಜು ನಡುವಿನಿಂದ ಸರಿದಿದೆ) ಅಂತ ಹೇಳುವ ಮೊದಲು ಕ್ಯಾಮೆರಾವನ್ನು ತಲೆಕೆಳಗಾಗಿಸಿ ಮತ್ತೆ ಹೊಡೆಯಿರಿ. ಪೇಪರಿನ ಅದೇ ಬದಿ ಮಸುಕಾಗಿದ್ದರೆ ಕ್ಯಾಮೆರಾ ಗೋಡೆಗೆ ಸಮಾನಾಂತರವಾಗಿರಲಿಲ್ಲ. ಮಸುಕು ಪೇಪರಿನ ಎದುರು ಬದಿಗೆ ಹೋದರೆ ತಪ್ಪು ಲೆನ್ಸ್‌ನದು, ಬೇರೆ ಪೀಸ್ ಕೇಳಿ.

ಇದಾದ ಮೇಲೆ ರಾತ್ರಿ ಸೀರಿಯಲ್ ಸೆಟ್ ಬಲ್ಬುಗಳನ್ನು ಫ್ರೇಮ್‌ನ ಮೂಲೆಗೆ ತಂದು ಫೋಕಸ್ ಮಾಡಿ. 1.4ರಲ್ಲಿ ಚುಕ್ಕಿಗಳಿಗೆ ರೆಕ್ಕೆ ಬರುತ್ತದೆ, ಅದು ಕೋಮಾ. 1.8 ಎಸ್‌ನಲ್ಲಿ ಅವು ಚುಕ್ಕಿಗಳಾಗಿಯೇ ಉಳಿಯುತ್ತವೆ. ರಾತ್ರಿಯಿಡೀ ನಡೆಯುವ ಯಕ್ಷಗಾನ, ದೀಪಾಲಂಕಾರ, ನಕ್ಷತ್ರಗಳ ಆಕಾಶ ತೆಗೆಯುವವರಿಗೆ ಈ ಒಂದು ಪರೀಕ್ಷೆಯೇ ತೀರ್ಪು ಕೊಡುತ್ತದೆ.

ಶಾರ್ಪ್ ಲೆನ್ಸ್ ತಗೊಂಡು ಆಮೇಲೆ ಮೃದು ಮಾಡಿಕೊಳ್ಳಬಹುದಲ್ಲ ಅನ್ನುವ ವಾದ ಅರ್ಧ ಸರಿ. 1.8 ಎಸ್‌ಗೆ 1/8 ಬ್ಲ್ಯಾಕ್ ಮಿಸ್ಟ್ (ಬೆಳಕನ್ನು ಲಘುವಾಗಿ ಚದುರಿಸುವ) ಫಿಲ್ಟರ್ ಹಾಕಿದರೆ ದೀಪದ ಸುತ್ತ ಹೊಳಪು ಬರುತ್ತದೆ, ಚರ್ಮ ಸ್ವಲ್ಪ ಮೃದುವಾಗುತ್ತದೆ. ಕ್ಯಾಮೆರಾದ ಪಿಕ್ಚರ್ ಕಂಟ್ರೋಲ್‌ ಮೆನುವಿನಲ್ಲಿ ಕ್ಲಾರಿಟಿ ಇಳಿಸಿದರೂ ಒಂದಿಷ್ಟು ಅದೇ ಪರಿಣಾಮ. ಆದರೆ ಕ್ಲಾರಿಟಿಗಾಗಲಿ ಫಿಲ್ಟರ್‌ಗಾಗಲಿ ದೂರ ತಿಳಿಯದು; ಮುಖಕ್ಕೂ ಹಿಂದಿನ ಗೋಡೆಗೂ ಒಂದೇ ಸಮ ಹಚ್ಚುತ್ತವೆ. ಹಿನ್ನೆಲೆಯ ಬಿಲ್ಲೆ ಹೇಗೆ ಕರಗಬೇಕು ಅನ್ನುವುದು ಗಾಜಿನಲ್ಲೇ ತೀರ್ಮಾನವಾಗಿರುತ್ತದೆ. ಅದಕ್ಕೇ ಮುಖಚಿತ್ರಗಳನ್ನೇ ಹೆಚ್ಚು ತೆಗೆಯುವವರು, ಎಫ್/1.4ರಿಂದ ಎಫ್/2ರ ನಡುವೆಯೇ ಇರುವವರು 1.4 ತಗೊಳ್ಳಲಿ ಅಂತ ನಮ್ಮ ಖಚಿತ ಅಭಿಪ್ರಾಯ. ಅದರಲ್ಲಿ ಫೋಕಸ್ ರಿಂಗ್ ಮತ್ತು ಅಪರ್ಚರ್‌ನಂಥ ಸೆಟ್ಟಿಂಗ್ ಬದಲಿಸುವ ಕಂಟ್ರೋಲ್ ರಿಂಗ್ ಬೇರೆಬೇರೆ ಇರುವುದೂ ಅನುಕೂಲ, 1.8 ಎಸ್‌ನಲ್ಲಿ ಎರಡಕ್ಕೂ ಒಂದೇ ರಿಂಗ್. ಸಮಾರಂಭ, ಗ್ರೂಪ್, ಉತ್ಪನ್ನ, ರಾತ್ರಿ ದೃಶ್ಯ, ಎಲ್ಲಕ್ಕೂ ಒಂದೇ ಲೆನ್ಸ್ ಅನ್ನುವವರಿಗೆ 1.8 ಎಸ್.

ಈ ಜಗ್ಗಾಟ ನಿಕಾನ್‌ಗೆ ಹೊಸದಲ್ಲ. 1977ರ ನಾಕ್ಟ್-ನಿಕ್ಕಾರ್ 58ಎಂಎಂ ಎಫ್/1.2ರ ಮುಂದಿನ ಆಸ್ಫೆರಿಕಲ್ ಗಾಜನ್ನು ಕೈಯಿಂದ ಉಜ್ಜಿ ತಯಾರಿಸುತ್ತಿದ್ದರು. ರಾತ್ರಿ ದೀಪಗಳಿಗೆ ರೆಕ್ಕೆ ಬರಬಾರದು ಅನ್ನುವುದೇ ಅದರ ಗುರಿ. ಅದರ ನೆನಪಿನಲ್ಲಿ 2013ರಲ್ಲಿ ಬಂದ ಎಎಫ್-ಎಸ್ 58ಎಂಎಂ ಎಫ್/1.4ಜಿ ದೂರದ ದೀಪಗಳನ್ನೂ ನೋಡಿಕೊಂಡಿತು, ಹತ್ತಿರದ ಮುಖಕ್ಕೆ ಮೃದುತ್ವವನ್ನೂ ಉಳಿಸಿಕೊಂಡಿತು. ಚಪ್ಪಟೆ ಚಾರ್ಟ್ ಮುಂದಿಟ್ಟು ಅಳೆದವರು ಆ ಬೆಲೆಗೆ ಇಷ್ಟೇನಾ ಅಂದರು. ಹಿನ್ನೆಲೆ ಕರಗುವ ರೀತಿಯಲ್ಲಿ ಅದು ಇವೆರಡಕ್ಕಿಂತಲೂ ಚೆಂದ. ಹಳೆಯ ಎಫ್ ಮೌಂಟ್ ಲೆನ್ಸ್‌ಗಳನ್ನು ಝಡ್ ಬಾಡಿಗೆ ಕೂರಿಸುವ ಎಫ್‌ಟಿಝಡ್ ಅಡಾಪ್ಟರ್ ಮೇಲೆ ಆಟೊಫೋಕಸ್ ಸಹಿತ ನಡೆಯುತ್ತದೆ, ಆದರೆ ಕನಿಷ್ಠ ಫೋಕಸ್ ದೂರ 58 ಸೆಂಟಿಮೀಟರ್, 1.8 ಎಸ್‌ನಂತೆ 40ಕ್ಕೆ ಬರುವುದಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಳಗೆ ಫೋಕಸ್ ಮೋಟರ್ ಇಲ್ಲದ ‘ಡಿ’ ಸರಣಿಯ 50ಎಂಎಂ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಎಫ್‌ಟಿಝಡ್‌ನಲ್ಲೂ ಮೋಟರ್ ಇಲ್ಲ, ಕೈಯಿಂದಲೇ ಫೋಕಸ್ ಮಾಡಬೇಕು.

ಕ್ಯಾರೆಕ್ಟರ್ ಇನ್ನೂ ಹೆಚ್ಚು ಬೇಕಾದವರಿಗೆ ಸೋವಿಯತ್ ಕಾಲದ ಹೆಲಿಯೋಸ್ 44-2, 58ಎಂಎಂ ಎಫ್/2 ಇದೆ. ಅದರ ಹಳೆಯ ತಿರುಪು ಮೌಂಟ್ ಎಂ42ನಿಂದ ಝಡ್‌ಗೆ ಗಾಜಿಲ್ಲದ ಸಾದಾ ಅಡಾಪ್ಟರ್ ಸಾಕು. ಬಾಡಿಯ ಮೆನುವಿನಲ್ಲಿ ನಾನ್-ಸಿಪಿಯು ಲೆನ್ಸ್ (ಕ್ಯಾಮೆರಾಗೆ ಮಾಹಿತಿ ಕಳಿಸುವ ಚಿಪ್ ಇಲ್ಲದ ಲೆನ್ಸ್) ಅಡಿ 58ಎಂಎಂ ನಮೂದಿಸಿ, ಇಲ್ಲದಿದ್ದರೆ ವಿಆರ್ ಲೆಕ್ಕ ತಪ್ಪುತ್ತದೆ. ಹಿನ್ನೆಲೆ ಸುಳಿಯಂತೆ ತಿರುಗಬೇಕಾದರೆ ಎಲೆಗಳ ಸಂದಿಯಿಂದ ಬೆಳಕು ಬರುವ ಮರ ಹಿಂದಿರಬೇಕು, ವ್ಯಕ್ತಿಗಿಂತ ನಾಲ್ಕೈದು ಮೀಟರ್ ಆಚೆ. ಬೋಳು ಗೋಡೆಯ ಮುಂದೆ ಸುಳಿ ಕಾಣುವುದಿಲ್ಲ.

ಹಳೆಯ ಲೆನ್ಸ್ ಯಾವುದೇ ಆಗಲಿ, ಹಿಂಬದಿಯಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಬೇರು ಬಿಟ್ಟಂತೆ ಕವಲೊಡೆದ ಗೆರೆಗಳಿದ್ದರೆ ಫಂಗಸ್. ಒಳಗಿನ ಗಾಜಿನವರೆಗೂ ಹೋಗಿದ್ದರೆ ಬಿಟ್ಟುಬಿಡಿ. ಅಪರ್ಚರ್ ಬ್ಲೇಡ್‌ಗಳ ಮೇಲೆ ಎಣ್ಣೆ ಜಿನುಗಿದೆಯೇ ಅಂತಲೂ ನೋಡಿ. ಕರಾವಳಿ, ಮಲೆನಾಡಿನಲ್ಲಿ ಇರುವವರು ಮಳೆಗಾಲಕ್ಕೆ ಮೊದಲೇ ಶೇ 40ರಿಂದ 50ರ ತೇವಾಂಶದ ಡ್ರೈ ಕ್ಯಾಬಿನೆಟ್ ಮಾಡಿಕೊಳ್ಳಿ. ಅದಾಗದಿದ್ದರೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ಸಣ್ಣ ಹೈಗ್ರೋಮೀಟರ್. ಜೆಲ್‌ನ ಬಣ್ಣ ಬದಲಾದ ಕೂಡಲೇ ಬಿಸಿ ಮಾಡಿ ಒಣಗಿಸಿ, ಪೂರ್ತಿ ಆರಿದ ಮೇಲೆ ಒಳಗಿಡಿ.